ರೆಕ್ಕೆಯ ಮೈಗೆ ಅಂಟಿದ ಗಾಳಿ

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಕಂಡಿದ್ದೇನೆ. ಉಗುರಿನಗಲದಷ್ಟೂ ದಪ್ಪವಿಲ್ಲದ ಗಾಳಿಯ ಪದರವೊಂದನ್ನು ಸೊಲ್ಲಾಪುರದ ಒಂದು ಮಾಳಿಗೆಯ ಕೋಣೆಯಲ್ಲಿ ಕೂತು, ಪೆನ್ಸಿಲಿನಿಂದ ಹನ್ನೆರಡು ಸೀಳು ಮಾಡಿ, ಒಂದೊಂದು ಸೀಳಿನಲ್ಲೂ ಗಾಳಿ ಎಷ್ಟು ಜೋರಾಗಿ ಓಡುತ್ತದೆ ಎಂದು ಬರೆದಿದ್ದೇನೆ. ಕಂಪ್ಯೂಟರ್ ಎಂಬುದು ಮುಂಬಯಿಯಲ್ಲಿ ಎಲ್ಲೋ ಇದೆಯಂತೆ ಎಂದು ಕೇಳಿದ್ದ ಕಾಲ ಅದು, ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಮ್ಮ ಪಾಲಿನ ಕಂಪ್ಯೂಟರ್ ಎಂದರೆ ಅಕ್ಕಾರು.

ಅಕ್ಕಾರು ನಮ್ಮ ಸಾವಕಾರರ ಅಕ್ಕ. ಸಾವಕಾರರದು ಸೊಲ್ಲಾಪುರದಲ್ಲಿ ಅರಿವೆ ವ್ಯಾಪಾರದ ಹಳೆಯ ಮನೆತನ. ಮಗ್ಗದ ಶೆಡ್ಡುಗಳಲ್ಲಿ ಜನ ಬೆವರು ಹಿಂಡುತ್ತ ನಿಂತದ್ದನ್ನು ನೋಡಿ ನೋಡಿ, ಈ ಊರಿಗೆ ಅರಿವೆಗಿಂತ ಗಾಳಿ ಬೇಕಾಗಿದೆ ಎಂದು ಪಂಖದ ಕಾರಖಾನೆ ಹಾಕಿದ್ದರು. ಕಾರಖಾನೆ ಎಂದರೆ ಪತ್ರಾಸಿನ ಒಂದು ಶೆಡ್ಡು, ಎರಡು ಲೇತು, ಒಬ್ಬ ಮಿಸ್ತ್ರಿ, ನಾಲ್ಕು ಜನ ಆಳು. ಅಕ್ಕಲಕೋಟ ತಾಲೂಕಿನ ತಡವಳದ ಒಕ್ಕಲುತನದ ಮನೆಯಿಂದ ಬಂದು, ಇಂಜಿನಿಯರಿಂಗ್ ಮುಗಿಸಿ, ತಲೆಯ ತುಂಬ ಗರ್ವ ಇಟ್ಟುಕೊಂಡಿದ್ದ ನಾನು ಅಲ್ಲಿ ನಕ್ಷೆ ಬಿಡಿಸುತ್ತಿದ್ದೆ.

ಅಕ್ಕಾರು ಮೊದಲು ಹುಡುಗಿಯರ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ತಪ್ಪು ಉತ್ತರವನ್ನು ಸರಿ ಎಂದಾಗ, ಅವರ ಕೈಗೇ ಖಡು ಕೊಟ್ಟು ಹಲಗೆಯ ಮುಂದೆ ನಿಲ್ಲಿಸಿ ಲೆಕ್ಕ ಬಿಡಿಸಿದರಂತೆ. ಅದೇ ವಾರ ಸಾಲೆ ಬಿಟ್ಟರು. ಮದುವೆ ಯಾಕೆ ಆಗಲಿಲ್ಲ ಎಂದು ಅವರನ್ನು ಕೇಳುವ ಎದೆಗಾರಿಕೆ ಸೊಲ್ಲಾಪುರದಲ್ಲಿ ಯಾರಿಗೂ ಇರಲಿಲ್ಲ. ತಮ್ಮನ ಮನೆಯ ಮಾಳಿಗೆಯಲ್ಲಿ ಅವರದೊಂದು ಕೋಣೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಪುಣೆಯ ಅಂಗಡಿಯೊಂದರಿಂದ ಬಾಡಿಗೆಗೆ ತರಿಸಿದ ಲೆಕ್ಕದ ಮಶೀನು. ಅಂಕಿ ಹೊಂದಿಸಿ ಪಕ್ಕದ ಹಿಡಿಕೆ ತಿರುವಿದರೆ ಕರಕರ ಎಂದು ಗುಣಿಸಿ ಕೊಡುತ್ತಿತ್ತು. ನಾನು ಬರೆದದ್ದನ್ನೆಲ್ಲ ಅಕ್ಕಾರು ಅದರಲ್ಲಿ ಹಾಕಿ ಅರೆಯುತ್ತಿದ್ದರು, ಜೊತೆಗೆ ನನ್ನನ್ನೂ.

ಆ ವರ್ಷ ಶ್ರಾವಣದಲ್ಲಿ ಅಕ್ಕಲಕೋಟದ ಬೀಗರಿಂದ ಒಂದು ಪಂಖದ ಕೆಲಸ ಬಂತು. ಸಾವಕಾರರ ಮಗಳನ್ನು ಕೊಟ್ಟ ಮನೆ ಅದು. ಬೇಳೆಯ ಗಿರಣಿ ಇತ್ತು. ಒಡೆದ ತೊಗರಿ ಮೇಲಿನಿಂದ ಸುರಿಯುವಾಗ ಪಕ್ಕದಿಂದ ಪಂಖ ಗಾಳಿ ಹೊಡೆಯಬೇಕು, ಸಿಪ್ಪೆ ಹಾರಿ ದೂರ ಬೀಳಬೇಕು, ಬೇಳೆ ನೆಟ್ಟಗೆ ಕೆಳಗಿಳಿಯಬೇಕು. ಅವರ ಹಳೆಯ ಪಂಖ ಉಬ್ಬಸದ ರೋಗಿಯ ಹಾಗೆ ಊದುತ್ತಿತ್ತು. "ಬೀಗರ, ಒಂದ ಸಿಪ್ಪಿ ಸೈತ ಬ್ಯಾಳಿ ಜೋಡಿ ಬೀಳಂಗಿಲ್ರಿ, ನನ್ನ ಮಾತು," ಎಂದು ಸಾವಕಾರರು ಮಾತು ಕೊಟ್ಟು ಬಂದರು. ನಾನು ಹುರುಪಿನಲ್ಲಿ ಅಗಲವಾದ, ಚೆನ್ನಾಗಿ ಬಾಗಿದ ರೆಕ್ಕೆಗಳ ನಕ್ಷೆ ಬಿಡಿಸಿದೆ. ಹೆಚ್ಚು ಬಾಗಿಸಿದಷ್ಟೂ ಹೆಚ್ಚು ಗಾಳಿ ಎಂಬುದು ಆಗ ನನ್ನ ವೇದಾಂತವಾಗಿತ್ತು. ಮಿಸ್ತ್ರಿ ತಗಡು ಕತ್ತರಿಸಿ ಬಾಗಿಸಿಯೂ ಬಿಟ್ಟ. ಆಮೇಲೆ ಅಕ್ಕಾರು ನಕ್ಷೆ ಕೇಳಿದರು.

ಇಲ್ಲಿ ಸ್ವಲ್ಪ ಗಾಳಿಯ ಮಾತು ಹೇಳಬೇಕು. ಭಯ ಬೇಡ, ಚಿಕ್ಕದಾಗಿ ಮುಗಿಸುತ್ತೇನೆ. ಪಂಖದ ರೆಕ್ಕೆಯ ಮೇಲೆ ಗಾಳಿ ಹರಿಯುವಾಗ ತಗಡಿಗೆ ತಾಗಿದ ಗಾಳಿ ಅಲ್ಲೇ ಅಂಟಿ ನಿಂತುಬಿಡುತ್ತದೆ. ಸ್ವಲ್ಪ ಮೇಲೆ ಇರುವುದು ಕುಂಟುತ್ತ ನಡೆಯುತ್ತದೆ, ಅದರ ಮೇಲಿನದು ಓಡುತ್ತದೆ. ನಿಂತ ಗಾಳಿಗೂ ಓಡುವ ಗಾಳಿಗೂ ನಡುವೆ ಇರುವ ಈ ತೆಳುವಾದ ಪದರ ತಗಡನ್ನು ಹಿಡಿದುಕೊಂಡೇ ಕೊನೆಯವರೆಗೆ ಹೋದರೆ ಪಂಖ ಚೆನ್ನಾಗಿ ಊದುತ್ತದೆ. ನಡುದಾರಿಯಲ್ಲಿ ಸುಸ್ತಾಗಿ ಕೈಬಿಟ್ಟರೆ ಗಾಳಿಯೆಲ್ಲ ಅಲ್ಲೇ ಗಿರಗಿರ ಸುತ್ತಿ ಹಾಳಾಗುತ್ತದೆ. ಹೋಗುತ್ತದೋ ಕೈಬಿಡುತ್ತದೋ ಎಂದು ಮೊದಲೇ ತಿಳಿಯಲು ರೆಕ್ಕೆಯ ಮೇಲಿನ ಜಾಗವನ್ನು ಗ್ರಾಫ್ ಕಾಗದದ ಮೇಲೆ ಬಲೆಯಂತೆ ಗೆರೆ ಎಳೆದು ಹಂಚಬೇಕು. ಪ್ರತಿ ಗಂಟಿನಲ್ಲೂ ಗಾಳಿಯ ವೇಗ ಇಷ್ಟಿರಬಹುದು ಎಂದು ಊಹಿಸಿ, ಅಕ್ಕಪಕ್ಕದ ಅಂಕಿಗಳಿಂದ ತಿದ್ದಬೇಕು. ತಿದ್ದಿದ್ದನ್ನು ಮತ್ತೆ ತಿದ್ದಬೇಕು. ಸುತ್ತಿನ ಮೇಲೆ ಸುತ್ತು ತಿದ್ದಿದ ಮೇಲೂ ಅಂಕಿಗಳು ಬದಲಾಗದೆ ನಿಂತರೆ ಲೆಕ್ಕ ಮುಗಿಯಿತು ಎಂದರ್ಥ.

ನಾನು ಸಮನಾದ ಅಂತರದಲ್ಲಿ ಗೆರೆ ಎಳೆದೆ, ಎಲ್ಲ ಪದರವೂ ಒಂದೇ ದಪ್ಪ. ನಾಲ್ಕೇ ಸುತ್ತಿಗೆ ಅಂಕಿಗಳು ಅಲುಗಾಡದೆ ನಿಂತವು. ಗಾಳಿ ರೆಕ್ಕೆಯ ಕೊನೆಯವರೆಗೂ ಅಂಟಿಕೊಂಡೇ ಹೋಗುತ್ತಿತ್ತು.

"ನಿಂತ್ವುರಿ ಅಕ್ಕಾರ! ನಾ ಹೇಳಿದ್ದೆ ಇಲ್ಲೋ!" ಎಂದು ಮೇಜು ಗುದ್ದಿದೆ.

ಅಕ್ಕಾರು ಮಶೀನಿನ ಹಿಡಿಕೆಯಿಂದ ಕೈ ತೆಗೆಯದೆ, "ಇಷ್ಟ ಲಗೂ ನಿಂತ ಲೆಕ್ಕದ ಮ್ಯಾಲ ನನಗ ಭರೋಸಾ ಇಲ್ಲ," ಎಂದರು. "ತಗಡಿನಿಂದ ಮೊದಲನೇ ಗೆರಿ ಎಷ್ಟ ದೂರ ಹಾಕೀದಿ ನೋಡು. ಆಟ ಎಲ್ಲಾ ಅದರ ಕೆಳಗ ನಡದದ. ನೀ ಮಾಳಗಿ ಮ್ಯಾಲ ನಿಂತು ಅಂಗಳದಾಗಿನ ಇರಿವಿ ಎಣಿಸಾಕತ್ತೀದಿ. ಇರಿವಿ ಇಲ್ಲ ಅಂತ ಬರದೀದಿ, ಅಷ್ಟ."

ನನ್ನ ಮುಖ ಕೆಂಪಾಯಿತು. ಆದರೆ ಮಾತು ಬರೋಬರಿ. ಸುಸ್ತಾಗುವ ಗಾಳಿಯ ಪದರ ಪೂರ್ತಿಯಾಗಿ ನನ್ನ ಮೊದಲ ಗೆರೆಯ ಕೆಳಗೇ ಅಡಗಿತ್ತು. ನನ್ನ ಬಲೆಗೆ ಅದು ಸಿಕ್ಕಿರಲೇ ಇಲ್ಲ. ಲೆಕ್ಕ ನಿಂತಿತ್ತು ನಿಜ, ಸುಳ್ಳಿನ ಮೇಲೆ ನಿಂತಿತ್ತು.

ಮರುದಿನ ಸಿಟ್ಟಿನಲ್ಲಿ ಎಲ್ಲ ಪದರಗಳನ್ನೂ ಕೂದಲೆಳೆಯಷ್ಟು ತೆಳ್ಳಗೆ ಮಾಡಿದೆ. ಕಾಗದದ ಮೇಲೆ ಕಾಗದ ಅಂಟಿಸಿ ನೆಲದ ಮೇಲೆ ಹಾಸಬೇಕಾಯಿತು. ಈಗ ಅಂಕಿಗಳು ನಿಲ್ಲಲೊಲ್ಲವು. ಒಂದು ಸುತ್ತಿಗೆ ಏರಿದರೆ ಮುಂದಿನ ಸುತ್ತಿಗೆ ಇಳಿಯುತ್ತವೆ, ಅದರ ಮುಂದಿನದಕ್ಕೆ ಇನ್ನೂ ಮೇಲೆ ಜಿಗಿಯುತ್ತವೆ. ಆರು ದಿನ ತಿದ್ದಿ ತಿದ್ದಿ ಕೊನೆಗೆ ಗಾಳಿ ಬಂದೂಕಿನ ಗುಂಡಿಗಿಂತ ಜೋರಾಗಿ ಓಡತೊಡಗಿತು. ಪೆನ್ಸಿಲು ಎಸೆದೆ. ಅದು ಕಿಟಕಿಯಿಂದ ಕೆಳಗೆ ಹೋಗಿ ಬಿತ್ತು.

"ಮೊದ್ಲ ಪೆನ್ಸಿಲ್ ತಗೊಂಡ ಬಾ," ಎಂದರು ಅಕ್ಕಾರು. ಕೆಳಗಿಳಿದು ತಂದುಕೊಟ್ಟೆ. ಆಮೇಲೆ ಹೇಳಿದರು: "ಎಲ್ಲಾ ಕಡೀಗೂ ತೆಳ್ಳಗ ಯಾಕ ಬೇಕು? ತಗಡಿನ ಹಂತ್ಯಾಕ ತೆಳ್ಳಗ ಇಡು. ದೂರ ಹೋದಂಗ ದಪ್ಪ ಮಾಡಕೋತ ಹೋಗು. ಒಮ್ಮಿಗೇ ದಪ್ಪ ಮಾಡಬ್ಯಾಡ, ಒಂದರಕಿಂತ ಒಂದು ಚೂರ ಚೂರ. ಮತ್ತ ಹೊಸಾ ಅಂಕಿ ಬಂತು ಅಂತ ಪೂರಾ ಒಪ್ಪಕೋಬ್ಯಾಡ. ಹಳೇದಕ್ಕೂ ಹೊಸಾದಕ್ಕೂ ನಡುವ ಇಡು. ನಮ್ಮವ್ವ ಹೇಳತಿದ್ಲು, ಜಗಳದಾಗ ಅರ್ಧಾ ಒಪ್ಪಕೊಂಡವರ ಮನಿ ಉಳೀತದ ಅಂತ."

ಅತ್ತೆಸೊಸೆಯರ ಜಗಳಕ್ಕೆ ಹೇಳಿದ ಬುದ್ಧಿಮಾತು ಗಾಳಿಗೂ ನಾಟಿತು! ಹೊಸ ಬಲೆಯಲ್ಲಿ ಹನ್ನೆರಡೇ ಪದರ. ಅಂಕಿಗಳ ಜಿಗಿತ ಸುತ್ತಿನಿಂದ ಸುತ್ತಿಗೆ ಕಡಿಮೆಯಾಗುತ್ತ ಬಂತು. ನಾನು ಊಟಕ್ಕೆ ಇಳಿಯುವುದನ್ನೂ ಮರೆತೆ. ಅಕ್ಕಾರು ಕಡಕ್ ಭಾಕರಿ ಮುರಿದು ಶೇಂಗಾ ಚಟ್ನಿ ಹಚ್ಚಿ ನನ್ನ ಎಡಗೈಗೆ ಕೊಡುತ್ತಿದ್ದರು, ಬಲಗೈ ಬರೆಯುತ್ತಿತ್ತು. ಇಪ್ಪತ್ತು ಸುತ್ತಾಯಿತು, ಇಪ್ಪತ್ತೈದಾಯಿತು. ಮೂವತ್ತೊಂದನೇ ಸುತ್ತಿನಲ್ಲಿ ದಶಾಂಶದ ಮೂರನೇ ಸ್ಥಾನವೂ ಅಲುಗಾಡಲಿಲ್ಲ. ಆಗ ಇಬ್ಬರೂ ಒಟ್ಟಿಗೆ ಆ ಕಾಗದದ ಮೇಲೆ ಬಗ್ಗಿದೆವು. ರೆಕ್ಕೆಯ ನಡುವಿನಿಂದ ಆಚೆಗೆ, ತಗಡಿಗೆ ಹತ್ತಿರದ ಪದರದಲ್ಲಿ, ಅಂಕಿಗಳ ಹಿಂದೆ ವಜಾ ಗುರುತು, ಕಳೆಯುವ ಗೆರೆ, ಬಂದಿತ್ತು. ಅಂದರೆ ಗಾಳಿ ಅಲ್ಲಿ ಹಿಂದಕ್ಕೆ ಹರಿಯುತ್ತಿತ್ತು.

"ತಿರಗೇದ!" ಎಂದರು ಅಕ್ಕಾರು. ನಲವತ್ತೈದು ದಾಟಿದ ಆ ಹೆಂಗಸು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. "ನೋಡೋ, ಗಾಳಿ ತಿರಗಿ ನಿಂತದ!"

ನನ್ನದೇ ರೆಕ್ಕೆ ಕೆಟ್ಟಿದೆ ಎಂದು ಸಾಬೀತಾದ ಕ್ಷಣ ಅದು. ಆದರೂ ನನಗೆ ಕುಣಿಯುವಷ್ಟು ಖುಷಿ. ಯಾರೂ ಕಾಣದ್ದನ್ನು ಕಾಗದದ ಮೇಲೆ ಹಿಡಿದಿದ್ದೆವು. ಎರಡೆರಡು ಮೆಟ್ಟಿಲು ಹಾರಿ ಶೆಡ್ಡಿಗೆ ಓಡಿ, "ಸಾವಕಾರ್ರ, ಪಂಖಾ ನಡಿಯೂದಿಲ್ರಿ!" ಎಂದು ಕೂಗಿದೆ. ಇಷ್ಟು ಸಂತೋಷದಿಂದ ಕೆಟ್ಟ ಸುದ್ದಿ ಹೇಳಿದವನನ್ನು ಅವರು ಅದಕ್ಕೆ ಮೊದಲು ನೋಡಿರಲಿಕ್ಕಿಲ್ಲ.

ಸಾವಕಾರರು ಸಿಡಿದರು. ರೆಕ್ಕೆಗಳು ತಯಾರಾಗಿ ನಿಂತಿವೆ, ಬೀಗರಿಗೆ ಮಾತು ಕೊಟ್ಟಾಗಿದೆ, ಕಾಗದದ ಮೇಲಿನ ಗಾಳಿಯನ್ನು ನೋಡಿ ತಗಡು ಮುರಿಯಬೇಕೇ? ಮಾಳಿಗೆಗೆ ಬಂದು ಅಕ್ಕನ ಮುಂದೆಯೇ ಹೇಳಿದರು: "ದಸರಾ ಮುಂಜಾನಿ ಪಂಖಾ ಓಡಸ್ತೀನಿ. ಗಾಳಿ ಬಂತಂದ್ರ ಈ ಮಶೀನ ಪುಣೆಕ್ಕ ವಾಪಸ್. ಲೆಕ್ಕದ ಖೋಲಿ ಬಂದ್."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ, ನೀ ಹೂಂ ಅನ್ನೂ ತನಕ ಈ ಕಾರಖಾನ್ಯಾಗ ಒಂದ ತಗಡ ಸೈತ ಕತ್ತರಸಂಗಿಲ್ಲ."

"ಆಯ್ತು," ಎಂದರು ಅಕ್ಕಾರು. ಅವರಿಗೆ ಆ ಮಶೀನು ಎಂದರೆ ಏನು ಎಂಬುದು ನನಗೆ ಗೊತ್ತಿತ್ತು. ಸಾಲೆ ಬಿಟ್ಟ ಮೇಲೆ ಐದು ವರ್ಷ ಅವರು ಅದೇ ಮನೆಯಲ್ಲಿ ಕಾಳು ಹಸನು ಮಾಡುತ್ತ, ಯಾರ ಜೊತೆಗೂ ಮಾತಾಡದೆ ಕೂತಿದ್ದರಂತೆ. ಮಶೀನು ಹೋದರೆ ಮತ್ತೆ ಅದೇ ಮೊರ, ಅದೇ ಮೂಲೆ.

ನವಮಿಯ ದಿನ ಶೆಡ್ಡಿನಲ್ಲಿ ಯಂತ್ರಪೂಜೆ. ಆ ದಿನ ಯಾವ ಯಂತ್ರವನ್ನೂ ಓಡಿಸುವ ಹಾಗಿಲ್ಲ. ಲೇತಿಗೆ, ಸುತ್ತಿಗೆಗೆ, ಸಾಣೆಕಲ್ಲಿಗೆ, ನನ್ನ ಸ್ಕೇಲಿಗೂ ಪೂಜೆಯಾಯಿತು. ಬೀಗರ ಪಂಖಕ್ಕೆ ವಿಶೇಷ ಮರ್ಯಾದೆ. ಮಿಸ್ತ್ರಿ ಮುಂದುಗಡೆ ನಿಂತು ಪ್ರತಿ ರೆಕ್ಕೆಗೂ ಉದ್ದಕ್ಕೆ ಮೂರು ಬೆರಳಿನ ಈಬತ್ತಿ, ಅಂದರೆ ವಿಭೂತಿ, ಎಳೆದು, ಚೆಂಡು ಹೂವಿನ ಸರ ಹಾಕಿ, ಕಾಯಿ ಒಡೆದ. ದಸರಾ ಬೆಳಿಗ್ಗೆ ಸರ ತೆಗೆದು ಮೋಟಾರು ಚಾಲೂ ಮಾಡಿದೆವು. ಪಂಖದ ಎದುರಿಗೆ ಒಂದು ಹಗುರ ತಗಡನ್ನು ತೂಗುಬಿಟ್ಟಿದ್ದೆ. ಗಾಳಿ ಎಷ್ಟೋ ತಗಡು ಅಷ್ಟು ಮೇಲೇಳುತ್ತದೆ. ಬೇಕಾದ ಗಾಳಿಗೆ ಗೋಡೆಯ ಮೇಲೆ ಖಡುವಿನಲ್ಲಿ ಗೆರೆ ಹಾಕಿದ್ದೆ. ನಮ್ಮ ಲೆಕ್ಕದ ಪ್ರಕಾರ ತಗಡು ಗೆರೆಯ ಅರ್ಧಕ್ಕೂ ಏರಬಾರದು.

ತಗಡು ಎದ್ದಿತು. ಗೆರೆ ಮುಟ್ಟಿತು. ಗೆರೆ ದಾಟಿ ನಿಂತಿತು.

ಆಳುಗಳು ಸಿಳ್ಳೆ ಹೊಡೆದರು. ಸಾವಕಾರರು ಬನ್ನಿ ಎಲೆ ಕೊಟ್ಟು ಎಲ್ಲರನ್ನೂ ಅಪ್ಪಿಕೊಂಡರು, ನನ್ನನ್ನೂ. ಅಕ್ಕಾರು ತಗಡಿನ ಹತ್ತಿರ ಬಂದು ಒಮ್ಮೆ ನೋಡಿದರು, ಮೋಟಾರನ್ನೂ ನೋಡಿದರು, ತಮ್ಮನಿಗೆ ಬನ್ನಿ ಕೊಟ್ಟರು. ನನ್ನ ಕಡೆಗೆ ತಿರುಗಿ, "ಮಶೀನ ಪೆಟಗ್ಯಾಗ ಹಾಕು," ಎಂದಷ್ಟೇ ಹೇಳಿದರು. ಎರಡು ದಿನ ನಿಲ್ಲೋಣ, ಮತ್ತೊಮ್ಮೆ ಲೆಕ್ಕ ನೋಡೋಣ ಎಂದು ನಾನು ಗೋಗರೆದೆ. "ಸೋತ ಮ್ಯಾಲ ಯಾಕ ಇಟಗೋಬೇಕು?" ಎಂದರು. ನಾನೇ ಟಾಂಗಾದಲ್ಲಿ ಪೆಟ್ಟಿಗೆ ಒಯ್ದು ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ ಕೊಟ್ಟು ಬಂದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಬೀಗರ ಮನೆಗೆ ಹೋಗುವ ಪಂಖ ಮದುಮಗಳಂತೆ ಹೋಗಬೇಕು ಎಂದು ಸಾವಕಾರರ ಅಪ್ಪಣೆ. ನಾನೇ ಬಿಸಿನೀರು ಹಾಕಿ ತೊಳೆದು, ಘಾಸಲೇಟು ಎಣ್ಣೆ ಹಚ್ಚಿ ತಿಕ್ಕಿ, ರೆಕ್ಕೆಗಳಿಗೆ ಹಸಿರು ಬಣ್ಣ ಹೊಡೆದೆ. ಕನ್ನಡಿಯಂತೆ ಹೊಳೆಯಿತು. ಐದು ದಿನದ ಮೇಲೆ ಪಂಖ ಟೆಂಪೋದಲ್ಲಿ, ನಾವು ಎಸ್ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೊರಟೆವು. ಮಗಳನ್ನು ನೋಡುವ ನೆಪ ಹೇಳಿ ಸಾವಕಾರರು ಅಕ್ಕನನ್ನೂ ಕರೆದುಕೊಂಡರು. ಅಕ್ಕಾರು ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಗಿರಣಿಯಲ್ಲಿ ಪಂಖ ಕೂರಿಸಿದೆವು. ಬೀಗರು ಬಿಳಿ ಪಟಕಾ ಸುತ್ತಿ, ಹತ್ತು ಜನರನ್ನು ಕರೆದು ನಿಂತಿದ್ದರು. ಮೇಲಿನಿಂದ ಒಡೆದ ತೊಗರಿ ಬಿಟ್ಟರು. ಮೋಟಾರು ಗುಂಯ್ ಎಂದಿತು. ಸಿಪ್ಪೆ ಒಂದು ಮೊಳ ಆಚೆ ತೇಲಿ, ಮನಸ್ಸು ಬದಲಿಸಿದಂತೆ ತಿರುಗಿ, ಬೇಳೆಯ ರಾಶಿಯ ಮೇಲೆಯೇ ಬಿತ್ತು. ಬೀಗರು ಬೊಗಸೆಯಲ್ಲಿ ಎತ್ತಿ ನೋಡಿದರು. ಅರ್ಧ ಬೇಳೆ, ಅರ್ಧ ಸಿಪ್ಪೆ.

"ಏನ್ರಿ ಬೀಗರ, ಹಳೇದ ಬೇಸಿತ್ತಲ್ರಿ?" ಎಂದರು.

ಸಾವಕಾರರ ಮುಖದಲ್ಲಿ ರಕ್ತ ಇರಲಿಲ್ಲ. ಕರೆಂಟು ಕಡಿಮೆ ಇದೆ ಎಂದರು, ಪಟ್ಟಾ ಸಡಿಲಾಗಿದೆ ಎಂದರು. ಪಟ್ಟಾ ಬಿಗಿ ಮಾಡಿದೆ. ಅಷ್ಟೇ ಗಾಳಿ. ತಗಡು ಗೆರೆಯ ಅರ್ಧಕ್ಕೂ ಏರಬಾರದು ಎಂದು ಲೆಕ್ಕ ಹೇಳಿತ್ತಲ್ಲ, ಗಾಳಿ ಈಗ ಅಷ್ಟೇ ಇತ್ತು! ತಿರುಗಿ ನೋಡಿದೆ. ಅಕ್ಕಾರು ಸೆರಗು ಸಿಕ್ಕಿಸಿ ಆಗಲೇ ಎದ್ದು ಬರುತ್ತಿದ್ದರು. ಅವರ ಕಣ್ಣು ಮಾಳಿಗೆಯ ಕೋಣೆಯಲ್ಲಿ ಹೊಳೆಯುತ್ತಿದ್ದ ಹಾಗೆಯೇ ಹೊಳೆಯುತ್ತಿತ್ತು.

"ದಸರಾಕ್ಕೂ ಇವತ್ತಿಗೂ ಏನ ಫರಕ್ ಅದ? ಒಂದೊಂದ ಹೇಳು," ಎಂದರು.

"ಮೋಟಾರ ಅದೇ ಅದರಿ. ಪಟ್ಟಾ ಅದೇ. ರೆಕ್ಕಿ ಅವೇ. ತೊಳದ ಬಣ್ಣಾ ಹಚ್ಚೀನಿ, ಅಷ್ಟ."

"ತೊಳ್ಯಾಕ ಏನಿತ್ತು?"

"ಈಬತ್ತಿ ಇತ್ತಲ್ರಿ, ಪೂಜಾದ್ದು. ಮಿಸ್ತ್ರಿ ಹೋದ ವರ್ಷ ಹಾರಿ ಹೋಗಿತ್ತಂತ ಈ ಸಲಾ ಗಂಜ್ಯಾಗ ಕಲಸಿ ಹಚ್ಚಿದ್ದ. ಕಲ್ಲಾಗಿತ್ತರಿ, ಬಿಡಲೊಲ್ಲದ—"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಮ್ಮ ಲೆಕ್ಕದಲ್ಲಿ ರೆಕ್ಕೆ ನುಣುಪಾಗಿತ್ತು. ದಸರಾ ದಿನದ ರೆಕ್ಕೆ ನುಣುಪಾಗಿರಲೇ ಇಲ್ಲ! ಮುಂದಿನ ಅಂಚಿಗೆ ಹತ್ತಿರದಲ್ಲೇ ಉದ್ದಕ್ಕೂ ಒರಟು ಏಣು ಇತ್ತು. ಹನ್ನೆರಡು ಸೀಳು ಮಾಡಿ ನೋಡಿದ ಆ ತೆಳು ಪದರದ ಒಳಗೇ, ಸರಿಯಾಗಿ ಅಲ್ಲೇ, ಅದು ಕೂತಿತ್ತು. ಆ ಏಣನ್ನು ಎಡವಿದ ಗಾಳಿ ಕಲಕುತ್ತದೆ, ಮೇಲಿನ ಜೋರು ಗಾಳಿ ಕೆಳಗಿಳಿದು ಸುಸ್ತಾದ ಗಾಳಿಯ ಜೊತೆ ಸೇರುತ್ತದೆ. ಸೋತ ಎತ್ತಿನ ಪಕ್ಕಕ್ಕೆ ಹುರುಪಿನ ಎತ್ತು ಕಟ್ಟಿದಂತಾಗಿ, ಎರಡೂ ರೆಕ್ಕೆಯ ಕೊನೆ ಮುಟ್ಟುತ್ತವೆ. ಪೂಜೆ ಮಾಡಿದ ಪಂಖವನ್ನು ಅಳೆದು ನಾವು ಅಕ್ಕಾರ ಲೆಕ್ಕವನ್ನು ಸುಳ್ಳು ಮಾಡಿದ್ದೆವು.

ಬೀಗರ ಮನೆಯ ಜಗಲಿಯಿಂದ ಈಬತ್ತಿ ಬಂತು, ಅಡಿಗೆಮನೆಯಿಂದ ಗಂಜಿ. ಮಿಸ್ತ್ರಿ ಎಳೆದ ಹಾಗೆಯೇ ಎಳೆದೆ. ಗಂಜಿ ಒಣಗುವವರೆಗೆ ನಾನು ಅಲ್ಲಿಂದಿಲ್ಲಿಗೆ ತಿರುಗಿದ ಪರಿಗೆ ಬೀಗರ ಮನೆಯವರು ಹುಡುಗನಿಗೆ ಹೊಟ್ಟೆನೋವೇ ಎಂದು ಕೇಳಿ ಕಳಿಸಿದರು. ಕೊನೆಗೂ ಪಂಖ ತಿರುಗಿತು. ಸಿಪ್ಪೆ ಎದ್ದು ಆಚೆ ಗೋಡೆಗೆ ಹೋಗಿ ಬಡಿಯಿತು. ಕೆಳಗೆ ಬಿದ್ದದ್ದು ಬರೀ ಬೇಳೆ, ಹಳದಿ ಬೇಳೆ.

ಬೀಗರು ಪಟಕಾ ತೆಗೆದು ಕೈ ಮುಗಿದರು. "ಈಬತ್ತಿ ಮಹಿಮಾರಿ ಬೀಗರ! ದೇವರ ತಾನ ಬಂದು ಊದಿದಂಗಾತು!" ನೆರೆದವರೆಲ್ಲ ಕೈ ಮುಗಿದರು. ಕಾಯಿ ತರಿಸಿ ಪಂಖದ ಮುಂದೆ ಒಡೆದರು. ಸಾವಕಾರರೂ, ಬದುಕಿದೆಯಾ ಬಡಜೀವವೇ ಎಂಬಂತೆ, "ಹೌದ್ರಿ ಬೀಗರ, ಎಲ್ಲಾ ಅವನ ಕೃಪಾ," ಎಂದುಬಿಟ್ಟರು. 

ನುಣುಪು ರೆಕ್ಕೆ ಊದುವುದಿಲ್ಲ ಎಂದು ಶ್ರಾವಣದಲ್ಲೇ ಹೇಳಿದವರು ಅಲ್ಲೇ ನಿಂತಿದ್ದರು. ಅವರ ಕಡೆಗೆ ಒಬ್ಬರೂ ನೋಡಲಿಲ್ಲ.

ಅಕ್ಕಾರಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. ಆದರೆ ಗಣಿತದ ಉತ್ತರವನ್ನು ಬೇರೆಯವರ ಹೆಸರಿಗೆ ಬರೆದರೆ ಅವರು ದೇವರನ್ನೂ ಬಿಡುವವರಲ್ಲ. "ಬಂದ್ ಮಾಡು," ಎಂದರು ನನಗೆ. ಮಾಡಿದೆ. ನೀರಿನ ಬಾಲದಿ ಎಳೆದುಕೊಂಡು, ಸೆರಗಿನ ತುದಿ ನೆನೆಸಿ, ಈಬತ್ತಿಯನ್ನು ರೆಕ್ಕೆಯಿಂದ ಒರೆಸತೊಡಗಿದರು. ಜನ ಅಯ್ಯೋ ಎಂದರು. ಒಬ್ಬ ಮುದುಕ ಹೊರಗೆ ನಡೆದ. "ಅಕ್ಕಾ, ಏನ ಮಾಡಾಕತ್ತೀ, ಬೀಗರ ಮನಿ ಇದು!" ಎಂದು ಸಾವಕಾರರು ಹಲ್ಲು ಕಚ್ಚಿದರು. ಅಕ್ಕಾರು ಆರೂ ರೆಕ್ಕೆ ಒರೆಸಿ ಮುಗಿಸಿದರು. ಪಂಖ ತಿರುಗಿಸಿದೆ. ಸಿಪ್ಪೆ ಮತ್ತೆ ಬೇಳೆಯ ಮೇಲೆ ಬಿತ್ತು.

ಗಿರಣಿಯ ಮೂಲೆಯಲ್ಲಿ ಚುನಿಯ ಗುಡ್ಡೆ ಇತ್ತು, ದನಕ್ಕೆ ಹಾಕುವ ಬೇಳೆಯ ಪುಡಿನುಚ್ಚು. ಅಕ್ಕಾರು ಅದರಿಂದ ಒಂದು ಹಿಡಿ ತಂದರು. ಪ್ರತಿ ರೆಕ್ಕೆಯ ಮುಂದಿನ ಅಂಚಿನ ಬಳಿ ನನ್ನ ಕೈಯಿಂದ ಗಂಜಿಯ ಒಂದೇ ಒಂದು ಗೆರೆ ಎಳೆಸಿ, ಅದರ ಮೇಲೆ ಚುನಿ ಉದುರಿಸಿದರು. ಒಣಗಿತು. ತಿರುಗಿಸಿದೆ. ಸಿಪ್ಪೆ ಗೋಡೆಗೆ ಬಡಿದು, ಬಾಗಿಲಿನಿಂದ ಹೊರಗೂ ಹೋಯಿತು. ಈಬತ್ತಿಗಿಂತ ಒಂದು ಕೈ ಮೇಲು!

ನಾನು "ಹೋ!" ಎಂದು ಕೂಗಿದ್ದು ನನಗೇ ಗೊತ್ತಾಗಲಿಲ್ಲ. ಅಕ್ಕಾರು ಬೀಗರ ಮುಂದೆ ಹೋಗಿ ನಿಂತರು. ಅವರ ಸೆರಗಿನ ತುಂಬ ಬೂದಿ.

"ಬೀಗರ, ಇದು ದನದ ಚುನಿ. ಇದಕ್ಕೂ ಒಂದು ಕಾಯಿ ಒಡೀರಿ ಮತ್ತ."

ಬೀಗರು ಅವರನ್ನೂ ಪಂಖವನ್ನೂ ನೋಡಿ, ಹೊಟ್ಟೆ ಹಿಡಿದು ನಗಲು ಸುರು ಮಾಡಿದರು. "ಒಡೀತೀನ್ರಿ ಅಕ್ಕಾರ. ಚುನಿಗೆ ಅಲ್ಲ, ನಿಮ್ಮ ಲೆಕ್ಕಕ್ಕ ಒಡೀತೀನಿ," ಎಂದು ನಿಜವಾಗಿಯೂ ಇನ್ನೊಂದು ಕಾಯಿ ತರಿಸಿ ಒಡೆದರು. ಆಮೇಲೆ ಮಾತ್ರ ವ್ಯಾಪಾರಿಯ ಮಾತು ಆಡಿದರು: "ಆದ್ರ ಹಿಂಗ ಬಿಟ್ರ ನಡಿಯಂಗಿಲ್ರಿ. ಚುನಿ ಇಲಿ ತಿಂತಾವ. ಏನೂ ಹಚ್ಚಲಾರದಂಗ ಊದೂ ರೆಕ್ಕಿ ಮಾಡಿ ಕೊಡ್ರಿ. ದೀಪಾವಳಿ ತನಕಾ ನಿಲ್ತೀನಿ."

ತಿರುಗಿ ಬಂದು ಸೊಲ್ಲಾಪುರದಲ್ಲಿ ಇಳಿದ ಸಾವಕಾರರು ಮನೆಗೆ ಹೋಗದೆ ನೇರ ಸ್ಟೇಶನ್ನಿಗೆ ನಡೆದರು, ನಾನು ಹಿಂದೆ ಓಡಿದೆ. ಪಾರ್ಸಲ್ ಆಫೀಸಿನಲ್ಲಿ ಪೆಟ್ಟಿಗೆ ಇರಲಿಲ್ಲ. ಪುಣೆಗೆ ಹೋಗಿ ಮೂರು ದಿನವಾಗಿತ್ತು. ಅಂಗಡಿಗೆ ತಾರು ಕೊಟ್ಟೆವು. ಮಶೀನು ಬೇರೆಯವರಿಗೆ ಕೊಟ್ಟಿದ್ದೇವೆ, ಇನ್ನೊಂದು ಬರಲು ತಿಂಗಳಾಗುತ್ತದೆ ಎಂದು ಉತ್ತರ ಬಂತು. ದೀಪಾವಳಿಗೆ ಎರಡು ವಾರ ಉಳಿದಿತ್ತು.

ಮರುದಿನ ನಾನು ಮಾಳಿಗೆಗೆ ಹೋದಾಗ ಅಕ್ಕಾರು ಖಾಲಿ ಮೇಜಿನ ಮುಂದೆ ಕೂತು, ಕಡಿಮೆ ಬಾಗಿದ ಹೊಸ ರೆಕ್ಕೆಗೆ ಬಲೆಯ ಗೆರೆ ಎಳೆಯುತ್ತಿದ್ದರು. ಮಶೀನಿಲ್ಲದೆ ನಾವಿಬ್ಬರೇ ಇಷ್ಟು ಗುಣಾಕಾರ ಮಾಡಿ ಮುಗಿಸಲು ಸಾಧ್ಯವೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹಿಂದಿನಿಂದ ಮೆಟ್ಟಿಲಿನ ಸದ್ದಾಯಿತು. ಸಾವಕಾರರು ಕರಿ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತರು.

"ನಿಮಕಿ ನನಗ ಕೊಡ್ರಿ," ಎಂದರು.

ನಿಮಕಿ ಎಂದರೆ ಅರ್ಧದ ಮಗ್ಗಿ. ಆ ಮನೆತನದ ಗಂಡುಮಕ್ಕಳು ಮಾತು ಕಲಿಯುವಾಗಲೇ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಹಳೆಯ ಅಂಕಿಗೂ ಹೊಸ ಅಂಕಿಗೂ ನಡುವಿನದನ್ನು ನಾನು ಕಾಗದದ ಮೇಲೆ ಕೂಡಿಸಿ ಭಾಗಿಸುವುದರೊಳಗೆ ಅವರು ಬಾಯಲ್ಲೇ ಹೇಳಿಬಿಡುತ್ತಿದ್ದರು. ಆಹಾ, ಏನು ವೇಗ! ಅಕ್ಕಾರು ಕೂಗುವುದು, ನಾನು ಗುಣಿಸುವುದು, ಸಾವಕಾರರು ಅರ್ಧ ಮಾಡಿ ಬರೆಯುವುದು. ಕೆಳಗಿನಿಂದ ಚಹಾ ಬರುತ್ತಿತ್ತು, ಆರಿ ತಣ್ಣಗಾಗುತ್ತಿತ್ತು. ಅಂಕಿಗಳ ಜಿಗಿತ ಒಂದೊಂದು ಸುತ್ತಿಗೂ ಇಳಿಯುವುದನ್ನು ನೋಡಿ ಸಾವಕಾರರೂ ಮೊಣಕಾಲೂರಿ ಬಗ್ಗಿ, "ನಿಂದರಾಕತ್ತಾವ, ನೋಡ್ರೋ, ನಿಂದರಾಕತ್ತಾವ!" ಎಂದು ಕೂಗತೊಡಗಿದರು.

ಮೂರನೇ ದಿನ ಮಧ್ಯಾಹ್ನ ಅಂಕಿಗಳು ಇದ್ದಕ್ಕಿದ್ದಂತೆ ಮತ್ತೆ ಓಲಾಡಿದವು. ಅಕ್ಕಾರು ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದು ಕಡೆ ಬೆರಳಿಟ್ಟರು.

"ತಮ್ಮಾ, ಇಲ್ಲಿ ವಜಾ ಗುರ್ತು ಎಲ್ಲಿ ಹೋತು?"

ಸಾವಕಾರರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನಾ ಬಿಟ್ಟೆ," ಎಂದರು. "ನಂದ ತಪ್ಪು." ಹಾಳೆ ಕೆಳಗಿಟ್ಟರು, ತಲೆ ಎತ್ತಲಿಲ್ಲ. "ದಸರಾ ದಿನಾ ನಿನ್ನ ಮಾತ ನಂಬಲಿಲ್ಲ. ಅದೂ ನಂದ ತಪ್ಪ ಅಕ್ಕಾ. ಬೀಗರ ಮುಂದ ದೇವರ ಹೆಸರ ಹೇಳಿದೆ, ನಿನ್ನ ಹೆಸರ ಹೇಳಲಿಲ್ಲ."

ನಾನು ಪೆನ್ಸಿಲು ಕೆತ್ತುವವನಂತೆ ಕಿಟಕಿಗೆ ಮುಖ ಮಾಡಿದೆ; ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅಕ್ಕಾರು ರಬ್ಬರನ್ನು ತಮ್ಮನ ಕಡೆಗೆ ಸರಿಸಿದರು.

"ಅಳಸು," ಎಂದರು. "ಎಂಟನೇ ಸುತ್ತಿನಿಂದ ಮತ್ತ ಮಾಡೂಣು."

ಸಾವಕಾರರು ಅಳಿಸಿದರು.